ಕಾರಿಲ್ಲ, ಬಜೆಟ್ ಕಡಿಮೆ: ಚಿಕ್ಕ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?

ಕೆಂಗೇರಿ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಕೆಂಗೇರಿ ಉಪನಗರದಲ್ಲಿ. ಮಗನಿಗೆ ಐದು ತುಂಬಿದೆ, ಮಗಳಿಗೆ ಎರಡು. ಜೊತೆಗೆ ಅತ್ತೆ ಇದ್ದಾರೆ. ಅವರಿಗೆ ಮಂಡಿ ನೋವು, ಆದರೂ ಮಕ್ಕಳು ಹೊರಟರೆ ತಾವೂ ಹೊರಡಬೇಕು ಅನ್ನುತ್ತಾರೆ, ನಮಗೂ ಅವರನ್ನು ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ. ಮನೆಯವರಿಗೆ ಭಾನುವಾರ ಮಾತ್ರ ರಜೆ. ಒಂದು ಸ್ಕೂಟರ್ ಇದೆ, ಐದು ಜನ ಅದರಲ್ಲಿ ಹೋಗುವ ಮಾತೇ ಇಲ್ಲ.

ಬೇಸಿಗೆ ರಜೆ ಶುರುವಾದಾಗಿನಿಂದ ಮಗನದು ಒಂದೇ ರಾಗ, ಎಲ್ಲಾದರೂ ಹೋಗೋಣ ಅಂತ. ಮೊನ್ನೆ ಒಂದು ಮಾಲ್‌ನಲ್ಲಿರುವ ಮಕ್ಕಳ ಆಟದ ಜಾಗಕ್ಕೆ ಹೋಗಿದ್ದೆವು. ಒಂದೊಂದು ಮಗುವಿಗೆ ಗಂಟೆ ಲೆಕ್ಕದಲ್ಲಿ ದುಡ್ಡು, ಜೊತೆಗೆ ಒಳಗೆ ಹೋಗುವ ದೊಡ್ಡವರಿಗೂ ದುಡ್ಡು, ಕಾಲಿಗೆ ಅವರದೇ ಕಾಲುಚೀಲ ಕೊಳ್ಳಬೇಕು, ಆಮೇಲೆ ಹಸಿವು ಅಂದರೆ ಅಲ್ಲೇ ಮೇಲೆ ತಿನ್ನಬೇಕು. ಮನೆಗೆ ಬಂದು ಕೂಡಿಸಿದರೆ ಒಂದು ವಾರದ ಹಾಲು, ತರಕಾರಿಯ ದುಡ್ಡು ಹೋಗಿತ್ತು. ಮಕ್ಕಳು ಖುಷಿಪಟ್ಟರು, ಇಲ್ಲ ಅನ್ನುವುದಿಲ್ಲ. ಆದರೆ ವಾರ ವಾರ ಇದು ನಮ್ಮ ಕೈಲಾಗದು.

ಹೋಗಿ ಬರುವುದು, ಟಿಕೆಟ್ಟು, ಎಲ್ಲ ಸೇರಿ ಮುನ್ನೂರು ರೂಪಾಯಿಯೊಳಗೆ ಮುಗಿಯುವ ಹಾಗೆ ಎಲ್ಲಿಗೆ ಹೋಗಬಹುದು? ಹೆಸರು ಹೇಳಿ ಬಿಡಬೇಡಿ, ಹೋಗಿ ಬಂದವರು ಹೇಗೆ ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು ಅನ್ನುವುದನ್ನೂ ಬರೆಯಿರಿ.


ಲಾಲ್‌ಬಾಗ್ ಪಕ್ಕದ ಮನೆ:

ಅಕ್ಕ, ನನ್ನ ಓಟು ಲಾಲ್‌ಬಾಗ್‌ಗೆ. ಹೂವಿಗಲ್ಲ, ಗಾಜಿನ ಮನೆಗೂ ಅಲ್ಲ, ಅಲ್ಲಿನ ಬಂಡೆಗೆ. ಕೆಂಪೇಗೌಡ ಗೋಪುರ ಇದೆಯಲ್ಲ, ಅದೇ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಐದು ವರ್ಷದವನಿಗೆ ಆ ಲೆಕ್ಕ ತಲೆಗೆ ಹೋಗುವುದಿಲ್ಲ, ಡೈನೋಸಾರ್‌ಗಿಂತ ಎಷ್ಟೋ ಹಳೆಯದು ಅಂದರೆ ಸಾಕು, ಮುಟ್ಟಿ ಮುಟ್ಟಿ ನೋಡುತ್ತಾನೆ. ಮೆಟ್ಟಿಲ ಕಾಟವಿಲ್ಲ, ಸುಮ್ನೆ ಇಳಿಜಾರು. ಓಡಿ ಹತ್ತುತ್ತಾರೆ, ಕೂತು ಜಾರಿಕೊಂಡು ಇಳಿಯುತ್ತಾರೆ. ಚಡ್ಡಿಯ ಹಿಂಭಾಗ ಸವೆಯುತ್ತದೆ, ಹಳೆಯದನ್ನೇ ಹಾಕಿ. ರಾತ್ರಿ ಮಳೆ ಬಂದಿದ್ದರೆ ಬಂಡೆಯ ಗುಳಿಗಳಲ್ಲಿ ನೀರು ನಿಂತಿರುತ್ತದೆ. ನಮ್ಮ ಚಿಕ್ಕದು ಆ ಗುಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಣಗಿದ ಎಲೆ ತೇಲಿಬಿಡುತ್ತಾಳೆ, ಒಂದು ಮುಳುಗಿದರೆ ಇನ್ನೊಂದು, ಅದು ದಡಕ್ಕೆ ಅಂಟಿಕೊಂಡರೆ ಬೆರಳಲ್ಲಿ ನೂಕುವುದು. ನಾನು ಎಬ್ಬಿಸುವವರೆಗೂ ಏಳುವುದಿಲ್ಲ. ಅತ್ತೆಯವರು ಹತ್ತಬೇಕಿಲ್ಲ, ಕೆಳಗೆ ಮರದ ನೆರಳಲ್ಲಿ ಕಲ್ಲು ಬೆಂಚು ಇವೆ, ಅಲ್ಲಿಂದಲೇ ಮಕ್ಕಳು ಕಾಣುತ್ತಾರೆ.

ಏಳು, ಏಳೂವರೆಗೆ ಅಲ್ಲಿರಿ. ಒಂಬತ್ತು ದಾಟಿದರೆ ಬಂಡೆ ಕಾಯಲು ಶುರುವಾಗುತ್ತದೆ, ಬರಿಗಾಲಲ್ಲಿ ಆಗುವುದಿಲ್ಲ. ಆಮೇಲೆ ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿ, ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಾ ಕೂತಿರುತ್ತದೆ. ಇಷ್ಟಕ್ಕೇ ಮುಗಿಸಿ. ಅದು 240 ಎಕರೆ, ಪೂರ್ತಿ ನೋಡುತ್ತೇವೆ ಅಂತ ಹೊರಟರೆ ಎರಡು ವರ್ಷದವಳು ನಿಮ್ಮ ಸೊಂಟದ ಮೇಲೇ ಇರುತ್ತಾಳೆ.

ಒಂದು ಮಾತು. ಒಳಗೆ ತಿಂಡಿ ಡಬ್ಬಿ ಬಿಚ್ಚಿ ಕೂರಲು ಈಗ ಬಿಡುವುದಿಲ್ಲ, ಕಾವಲಿನವರು ಬಂದು ಎಬ್ಬಿಸುತ್ತಾರೆ. ಹೊರಗೇ ಹೊಟ್ಟೆ ತುಂಬಿಸಿ ಒಳಗೆ ಹೋಗಿ. ಜನವರಿ 26, ಆಗಸ್ಟ್ 15ರ ಆಸುಪಾಸಿನ ಫಲಪುಷ್ಪ ಪ್ರದರ್ಶನದ ವಾರ ಚಿಕ್ಕವರನ್ನು ಕಟ್ಟಿಕೊಂಡು ಹೋಗಲೇಬೇಡಿ, ನೂಕುನುಗ್ಗಲಿನಲ್ಲಿ ಅವರಿಗೆ ಕಾಣುವುದು ದೊಡ್ಡವರ ಕಾಲು ಮಾತ್ರ.


ಕಿಟಕಿ ಸೀಟು:

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಕೆಂಗೇರಿಯಿಂದ ಲಾಲ್‌ಬಾಗ್‌ಗೆ ಮೂರು ಜನ ದೊಡ್ಡವರು ಮೆಟ್ರೊದಲ್ಲಿ ಹೋಗಿ ಬಂದರೆ ಮುನ್ನೂರರಲ್ಲಿ ಏನೂ ಉಳಿಯುವುದಿಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ ನಾವು ಮಾಡುವುದು ಹೀಗೆ: ಹೋಗುವಾಗ ಬಿಎಂಟಿಸಿ, ಬರುವಾಗ ಮೆಟ್ರೊ. ಸಾಮಾನ್ಯ ಬಸ್ಸಲ್ಲಿ ಶಕ್ತಿ ಯೋಜನೆಯಲ್ಲಿ ನಿಮಗೂ ಅತ್ತೆಯವರಿಗೂ ಟಿಕೆಟ್ ದುಡ್ಡಿಲ್ಲ, ಯಜಮಾನರದು ಮಾತ್ರ. ಎಸಿ ವಜ್ರ ಬಂದರೆ ಹತ್ತಬೇಡಿ, ಅದಕ್ಕೆ ಶಕ್ತಿ ಇಲ್ಲ.

ಇನ್ನು ನಿಮ್ಮ ಮಗನಿಗೆ ಮೆಟ್ರೊವೇ ಒಂದು ಜಾತ್ರೆ, ಬೇಕಾದರೆ ನೋಡಿ. ನೇರಳೆ ಮಾರ್ಗದಲ್ಲಿ ಕೆಂಗೇರಿಯಿಂದ ಮಾಗಡಿ ರಸ್ತೆವರೆಗೆ ರೈಲು ಮೇಲೆ ಮೇಲೆಯೇ ಹೋಗುತ್ತದೆ, ಮನೆಗಳ ತಾರಸಿ, ಒಣಹಾಕಿದ ಬಟ್ಟೆ, ನೀರಿನ ಟ್ಯಾಂಕು ಎಲ್ಲ ಕಾಣುತ್ತವೆ. ಮಾಗಡಿ ರಸ್ತೆ ದಾಟಿದ್ದೇ ನೆಲದೊಳಗೆ ಇಳಿಯುತ್ತದೆ. ಆ ಜಾಗ ಬರುವ ಮೊದಲು ಹೇಳಿಡಿ, ಈಗ ನೋಡು, ಗುಹೆಯೊಳಗೆ ಹೋಗುತ್ತೇವೆ ಅಂತ. ನನ್ನ ಮಗ ಕಿಟಕಿಗೆ ಎರಡೂ ಕೈ ಅಂಟಿಸಿ ಕಾಯುತ್ತಾನೆ. ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಮೇಲೆ ಬನ್ನಿ. ಭಾನುವಾರ ಪಾರ್ಕಿನೊಳಗಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ, ಮಕ್ಕಳ ಕೈ ಬಿಟ್ಟು ಓಡಲು ಬಿಡಬಹುದು. ಬೆಂಗಳೂರಲ್ಲಿ ರಸ್ತೆಯ ನಡುವೆ ಮಗುವಿನ ಕೈ ಬಿಡಬಹುದಾದ ಜಾಗ ಎಷ್ಟಿವೆ ಹೇಳಿ. ಒಳಗೇ ಬಾಲಭವನ ಇದೆ, ಪುಟಾಣಿ ರೈಲು ಇದೆ.

ನನ್ನ ನಿಜವಾದ ಸಲಹೆ ಬೇರೆ. ಕೆಂಗೇರಿಯಲ್ಲಿ ರೈಲ್ವೆ ಸ್ಟೇಷನ್ ಇದೆ, ಅದನ್ನು ಮರೆತೇ ಬಿಟ್ಟಿದ್ದೀರಿ. ಅಲ್ಲಿಂದ ಮೈಸೂರು ಕಡೆಯ ಮೆಮು ಲೋಕಲ್ ರೈಲು ಹತ್ತಿ ಚನ್ನಪಟ್ಟಣಕ್ಕೆ ಹೋಗಿ. ಟಿಕೆಟ್ಟಿಗೆ ಒಬ್ಬರ ತಿಂಡಿ ಕಾಫಿಯಷ್ಟೂ ಆಗುವುದಿಲ್ಲ. ಐದು ವರ್ಷದೊಳಗಿನವರಿಗೆ ಟಿಕೆಟ್ ಬೇಡ, ಮಗನಿಗೆ ಐದು ತುಂಬಿರುವುದರಿಂದ ಅರ್ಧ. ಬಿಡದಿ ದಾಟಿದ ಮೇಲೆ ರಾಮನಗರದ ಬಂಡೆ ಬೆಟ್ಟಗಳು, ಹಿಪ್ಪುನೇರಳೆ ಹೊಲ, ಮಾವಿನ ತೋಪು. ಈ ತಿಂಗಳು ಮರದಲ್ಲಿ ಕಾಯಿ ಜೋತಾಡುತ್ತಿರುವುದೂ ಕಾಣುತ್ತದೆ.

ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿ ನೋಡುವುದಲ್ಲ, ಗೊಂಬೆ ಮಾಡುವುದನ್ನು ನೋಡಬೇಕು. ಕೇಳಿದರೆ ಬಹಳ ಕಡೆ ಒಳಗೆ ಬಿಡುತ್ತಾರೆ. ಹಾಲೆ ಮರದ ತುಂಡನ್ನು ಲೇತ್‌ಗೆ ಕಚ್ಚಿಸಿ ತಿರುಗಿಸುತ್ತಾರೆ, ಉಳಿ ತಾಗಿಸಿದರೆ ಸುರುಳಿ ಸುರುಳಿ ಹೊಟ್ಟು ಹಾರುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ, ಬಿಳಿ ಮರ ಕಣ್ಣೆದುರೇ ಕೆಂಪಾಗುತ್ತದೆ. ಕೊನೆಗೆ ಒಣ ಎಲೆಯಿಂದ ಉಜ್ಜಿದರೆ ಫಳಫಳ. ಬ್ರಷ್ಷೂ ಇಲ್ಲ, ಡಬ್ಬಿ ಪೇಂಟೂ ಇಲ್ಲ. ಮಕ್ಕಳು ಮಾತೇ ಆಡದೆ ನಿಂತುಬಿಡುತ್ತಾರೆ. ಒಂದು ಬುಗುರಿ ಕೊಂಡು ಕೊಡಿ, ಅದೇ ಸಾಕು. ಭಾನುವಾರ ಕೆಲವು ಕಡೆ ಲೇತ್ ಓಡುವುದಿಲ್ಲ, ಶನಿವಾರವಾದರೆ ವಾಸಿ.


ಜನಪದ ಮನೆ:

ಕಿಟಕಿ ಸೀಟು ಅವರ ಮಾತಿಗೆ ಒಂದು ಸೇರಿಸುತ್ತೇನೆ. ಚನ್ನಪಟ್ಟಣದವರೆಗೆ ಹೋಗುವವರು ಜಾನಪದ ಲೋಕ ಬಿಡಬಾರದು. ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಹಳೆಯ ಮೈಸೂರು ರಸ್ತೆಯಲ್ಲಿದೆ. ಮಂಗಳವಾರ ರಜೆ. ಮಕ್ಕಳಿಗಿಂತ ಹೆಚ್ಚಾಗಿ ನಿಮ್ಮ ಅತ್ತೆಗೆ ಹಿಡಿಸುವ ಜಾಗ. ನನ್ನ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಜೋಡಿಸಿಟ್ಟಿರುವ ಒನಕೆ, ಬೀಸುವ ಕಲ್ಲು, ಮಡಕೆ ಕುಡಿಕೆ, ಮೀನು ಹಿಡಿಯುವ ಬುಟ್ಟಿ, ಒಂದೊಂದರ ಮುಂದೆಯೂ ನಿಂತು ಮೊಮ್ಮಗಳಿಗೆ ಹೇಳಿದ್ದೇ ಹೇಳಿದ್ದು. ಇದರಲ್ಲಿ ರಾಗಿ ಬೀಸುತ್ತಿದ್ದೆವು, ಬೀಸುವಾಗ ಹಾಡು ಹೇಳುತ್ತಿದ್ದೆವು ಅಂದರು. ಎಲ್ಲಿ ಹಾಡು ಅಂದಳು ಹುಡುಗಿ. ಅಮ್ಮ ಅಲ್ಲೇ ನಿಂತು ಹಾಡಿದರು. ನಾನು ಹುಟ್ಟಿದಾಗಿನಿಂದ ಅಮ್ಮನ ಬಾಯಲ್ಲಿ ಆ ಹಾಡು ಕೇಳಿರಲಿಲ್ಲ.

ಬಸ್ಸಲ್ಲಿ ಹೋಗುವುದಾದರೆ ಎಚ್ಚರ. ಮೈಸೂರಿನ ತಡೆರಹಿತ ಬಸ್ಸುಗಳು ಎಕ್ಸ್‌ಪ್ರೆಸ್‌ವೇ ಬೈಪಾಸ್‌ನಲ್ಲಿ ಹೊರಟುಹೋಗುತ್ತವೆ, ಅಲ್ಲಿ ನಿಲ್ಲುವುದಿಲ್ಲ. ರಾಮನಗರ, ಚನ್ನಪಟ್ಟಣ ಊರೊಳಗೆ ಹೋಗುವ ಬಸ್ಸು ಅಂತ ಕಂಡಕ್ಟರ್‌ನನ್ನು ಕೇಳಿಯೇ ಹತ್ತಿ.

ಇನ್ನೊಂದು, ಭಾನುವಾರಕ್ಕೇ ಯಾಕೆ ಕಾಯಬೇಕು? ರಜೆ ಇರುವಾಗ ಬುಧವಾರ, ಗುರುವಾರ ನೀವು ಮತ್ತು ಅತ್ತೆ ಇಬ್ಬರೇ ಮಕ್ಕಳನ್ನು ಕರೆದುಕೊಂಡು ಹೊರಡಿ. 2023ರ ಜೂನ್‌ನಲ್ಲಿ ಶಕ್ತಿ ಬಂದ ಮೇಲೆ ನಮ್ಮ ಬೀದಿಯ ಎಷ್ಟೋ ಹೆಣ್ಣುಮಕ್ಕಳು ಹಾಗೇ ಮಾಡುತ್ತಿದ್ದಾರೆ. ಗಂಡಸರ ರಜೆ ನೋಡಿಕೊಂಡು ಕೂತರೆ ಮಕ್ಕಳ ರಜೆ ಮುಗಿದುಹೋಗುತ್ತದೆ.


ಎರಡು ಮಕ್ಕಳ ಅಪ್ಪ:

ಮಳೆ ಬಂದರೆ ಏನು ಮಾಡುತ್ತೀರಿ? ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ನಂಬುವ ಹಾಗಿಲ್ಲ. ನಾನಾಗಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅನ್ನುತ್ತೇನೆ. ಲಾಲ್‌ಬಾಗ್‌ನಷ್ಟು ಅಗ್ಗ ಅಲ್ಲ, ದೊಡ್ಡವರೆಲ್ಲ ಒಳಗೆ ಹೋದರೆ ನಿಮ್ಮ ಬಜೆಟ್ ಮೀರಬಹುದು, ಹಾಗಾಗಿ ಒಬ್ಬರು ಮಗನ ಜೊತೆ ಒಳಗೆ ಹೋಗಿ, ಮಳೆ ಇಲ್ಲದಿದ್ದರೆ ಉಳಿದವರು ಮಗಳನ್ನು ಕರೆದುಕೊಂಡು ಕಬ್ಬನ್ ಪಾರ್ಕಿನಲ್ಲಿ ಕೂರಬಹುದು, ಪಕ್ಕದಲ್ಲೇ ಇದೆ. ಒಳಗೆ ಅಲ್ಲಾಡುವ, ಗರ್ಜಿಸುವ ಡೈನೋಸಾರ್ ಇದೆ. ಐದು ವರ್ಷದವರು ಕುಣಿಯುತ್ತಾರೆ. ಎರಡು ವರ್ಷದವರು ಕಿರುಚಿ ಕೊರಳಿಗೆ ಜೋತುಬೀಳುತ್ತಾರೆ. ಹೊರಗೆ ನಿಂತಿರುವ ಮಾರುತ್ ಯುದ್ಧವಿಮಾನ ನಮ್ಮ ಎಚ್‌ಎಎಲ್‌ನಲ್ಲೇ ತಯಾರಾದದ್ದು, 1961ರಲ್ಲಿ ಮೊದಲ ಬಾರಿ ಹಾರಿತು. ಅದನ್ನು ತೋರಿಸಿ.

ನೆಹರು ತಾರಾಲಯವೂ ಒಳ್ಳೆಯದೇ, ಕನ್ನಡದಲ್ಲೂ ಪ್ರದರ್ಶನ ಇರುತ್ತದೆ. ಆದರೆ ಎರಡು ವರ್ಷದವಳಿಗೆ ಆ ಕತ್ತಲು ಬೇಡ. ಇನ್ನೊಂದೆರಡು ವರ್ಷ ತಡೆಯಿರಿ. ಬನ್ನೇರುಘಟ್ಟ ಅಂತ ಯಾರಾದರೂ ಹೇಳುತ್ತಾರೆ, ಚೆನ್ನಾಗಿದೆ, ಆದರೆ ಸಫಾರಿ ಸೇರಿಸಿದರೆ ಮುನ್ನೂರಕ್ಕೆ ದೂರದ ಮಾತು. ನಂದಿ ಬೆಟ್ಟಕ್ಕೆ ಭಾನುವಾರ ಮಾತ್ರ ಹೋಗಬೇಡಿ, ಮೋಡ ನೋಡುವ ಬದಲು ಮುಂದಿನ ಗಾಡಿಯ ಹೊಗೆ ಕುಡಿದು ಬರುತ್ತೀರಿ.


ಮಲೆನಾಡಿನವಳು:

ಇದು ಬೆಂಗಳೂರಿನವರಿಗೆ ಹಗಲು ಪ್ರವಾಸ ಆಗುವುದಿಲ್ಲ, ಆದರೆ ರಜೆಗೆ ಶಿವಮೊಗ್ಗ ಕಡೆ ನೆಂಟರ ಮನೆಗೆ ಬರುವವರು ಓದಲಿ ಅಂತ ಬರೆಯುತ್ತಿದ್ದೇನೆ. ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲು ಆನೆ ಬಿಡಾರ ಇದೆ, ಶಿವಮೊಗ್ಗದಿಂದ 14 ಕಿಲೋಮೀಟರ್. ಬೆಳಿಗ್ಗೆ ಎಂಟೂವರೆ ಒಳಗೆ ಹೋಗಿ. ಮಾವುತರು ಆನೆಗಳನ್ನು ತುಂಗಾ ಹಿನ್ನೀರಿಗೆ ಇಳಿಸಿ ಮೈ ಉಜ್ಜುತ್ತಾರೆ. ಆನೆ ಒಂದು ಮಗ್ಗುಲಿಗೆ ಮಲಗಿ ಸೊಂಡಿಲ ತುದಿ ಮಾತ್ರ ನೀರಿನ ಮೇಲೆ ಇಟ್ಟುಕೊಂಡಿರುತ್ತದೆ, ಮಕ್ಕಳಿಗೆ ಮೊದಲು ಅದು ಏನು ಅಂತಲೇ ಗೊತ್ತಾಗುವುದಿಲ್ಲ. ಮರಿ ಆನೆ ಇದ್ದರಂತೂ ಅಲ್ಲಿಂದ ಯಾರೂ ಕದಲುವುದಿಲ್ಲ. ಹನ್ನೊಂದರ ಮೇಲೆ ಹೋದರೆ ಆನೆಗಳನ್ನು ಕಾಡಿಗೆ ಬಿಟ್ಟಿರುತ್ತಾರೆ, ಖಾಲಿ ಬಿಡಾರ ನೋಡಿ ಬರಬೇಕು. ಪ್ರವೇಶಕ್ಕೆ ಹೆಚ್ಚೇನೂ ಆಗುವುದಿಲ್ಲ. ಮೈಮೇಲೆ ಹತ್ತಿಸುವುದು, ಫೋಟೊಗೆ ದುಡ್ಡು ಕೊಡುವುದು ಇವೆಲ್ಲ ಬೇಡ, ದಡದಲ್ಲಿ ನಿಂತು ನೋಡಿದರೆ ಸಾಕು.


ಕೆಂಗೇರಿ ಅಮ್ಮ:

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆಂಗೇರಿ ಸ್ಟೇಷನ್ ಎದುರೇ ದಿನಾ ಓಡಾಡುತ್ತೇವೆ, ಮಕ್ಕಳನ್ನು ಅದರೊಳಗೆ ಕರೆದುಕೊಂಡು ಹೋಗುವ ಯೋಚನೆಯೇ ಬಂದಿರಲಿಲ್ಲ. ಇವರಿಗೆ ಓದಿ ಹೇಳಿದೆ, ಶನಿವಾರ ಅರ್ಧ ದಿನ ರಜೆ ಕೇಳುತ್ತೇನೆ ಅಂದರು.

ಇನ್ನು ಎರಡು ವಿಷಯ ಕೇಳಬೇಕು. ಒಂದು, ಬಲೂನು, ಗುಳ್ಳೆ ಊದುವ ಡಬ್ಬಿ, ಐಸ್‌ಕ್ರೀಮ್ ಮಾರುವವರು ಎಲ್ಲ ಗೇಟಿನಲ್ಲೂ ನಿಂತಿರುತ್ತಾರೆ. ಮಗ ರಚ್ಚೆ ಹಿಡಿದರೆ ನೆಲದಲ್ಲೇ ಕೂತುಬಿಡುತ್ತಾನೆ. ಎರಡು, ಮಗಳಿಗೆ ಈಗಷ್ಟೇ ಡೈಪರ್ ಬಿಡಿಸುತ್ತಿದ್ದೇವೆ. ಹೊರಗೆ ಹೋದಾಗ ಏನು ಮಾಡುವುದು?


ಅಂಗನವಾಡಿ ಟೀಚರ್:

ನೋಡಮ್ಮ, ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಮನೆ ಬಿಡುವ ಮೊದಲೇ ಮಗನ ಕೈಗೆ ಇಪ್ಪತ್ತು ರೂಪಾಯಿ ಕೊಡಿ, ಹತ್ತರ ಎರಡು ನಾಣ್ಯ. ಇದು ನಿನ್ನದು, ಏನು ಬೇಕಾದರೂ ತೆಗೆದುಕೋ, ಮುಗಿದರೆ ಮತ್ತೆ ಇಲ್ಲ ಅಂತ ಹೇಳಿ. ಗೇಟಿನಲ್ಲಿ ಬಲೂನು ಕಂಡರೆ ಬೇಡ ಅನ್ನಬೇಡಿ, ನಿನ್ನ ದುಡ್ಡು, ನೀನೇ ನೋಡು ಅನ್ನಿ. ಮಕ್ಕಳು ಆಗ ನಿಜಕ್ಕೂ ಯೋಚನೆ ಮಾಡುತ್ತಾರೆ. ಜೇಬು ಮುಟ್ಟಿಕೊಳ್ಳುತ್ತಾರೆ, ಬಲೂನು ನೋಡುತ್ತಾರೆ, ಮುಂದೆ ಚುರುಮುರಿ ಗಾಡಿ ಇದೆಯಾ ಅಂತ ಕೇಳುತ್ತಾರೆ. ಎರಡನೇ ಗಾಡಿ ಹತ್ತಿರ ಅತ್ತರೆ ನೀವು ಕರಗಬಾರದು, ಅಜ್ಜಿಯೂ ಕರಗಬಾರದು. ಅಜ್ಜಿಗೆ ಮೊದಲೇ ಹೇಳಿಡಿ, ಸೆರಗಿನ ಗಂಟಿನಿಂದ ಹತ್ತು ರೂಪಾಯಿ ಬಿಚ್ಚಿಬಿಟ್ಟರೆ ಇದೆಲ್ಲ ವ್ಯರ್ಥ.

ಹೊರಡುವಾಗ ಹೊಟ್ಟೆ ತುಂಬಿರಲಿ. ಅರ್ಧ ಹಠ ಹಸಿವಿನದು, ಇನ್ನರ್ಧ ನಿದ್ದೆಯದು. ಹನ್ನೊಂದಕ್ಕೆ ವಾಪಸ್ ಬಸ್ಸು ಹತ್ತಿದರೆ ಎರಡೂ ತಪ್ಪುತ್ತದೆ.

ಇನ್ನೊಂದು ಹೇಳಲೇಬೇಕು. ಎಲ್ಲರೂ ದೂರ ದೂರದ ಜಾಗವನ್ನೇ ಹೇಳುತ್ತಿದ್ದೀರಿ. ಕೆಂಗೇರಿಯವರಿಗೆ ಜ್ಞಾನಭಾರತಿ ಕೂಗಳತೆಯಲ್ಲಿದೆ. ವಿಶ್ವವಿದ್ಯಾಲಯದ ಆವರಣದ ಮರಗಳ ನಡುವೆ ಬೆಳಗಿನ ಹೊತ್ತು ಎಷ್ಟೋ ಜನ ವಾಕಿಂಗ್ ಬರುತ್ತಾರೆ. ನವಿಲಿನ ಕೂಗು ಕೇಳುತ್ತದೆ, ಅದೃಷ್ಟವಿದ್ದರೆ ಕಾಣುತ್ತದೆ. ಒಂದು ಚೀಲ ಕೊಟ್ಟು, ಐದು ಬಗೆಯ ಎಲೆ, ಮೂರು ಬಗೆಯ ಬೀಜ ಆರಿಸು ಅನ್ನಿ, ಬಿದ್ದದ್ದು ಮಾತ್ರ, ಕೀಳಬಾರದು. ನಮ್ಮ ಅಂಗನವಾಡಿಯ ಮಕ್ಕಳು ಇದರಲ್ಲೇ ಇಡೀ ಬೆಳಗು ಕಳೆಯುತ್ತಾರೆ. ಕಾಸು ಖರ್ಚಿಲ್ಲ. ಬಿಸಿಲು ಜೋರಿದ್ದ ದಿನ ಕಬ್ಬನ್ ಪಾರ್ಕಿನ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯಕ್ಕೂ ಹೋಗಬಹುದು, ಓದು ಬಾರದ ಮಕ್ಕಳೂ ಚಿತ್ರ ನೋಡುತ್ತಾ ಕೂರುತ್ತಾರೆ.


ಲಾಲ್‌ಬಾಗ್ ಪಕ್ಕದ ಮನೆ:

ಡೈಪರ್ ವಿಷಯ ನಾನು ಹೇಳುತ್ತೇನೆ ಅಕ್ಕ. ಪ್ರಯಾಣದ ಹೊತ್ತಿಗೆ ಮಾತ್ರ ಡೈಪರ್ ಹಾಕಿ, ಇಳಿದ ಮೇಲೆ ಬಿಚ್ಚಿ. ಬಿಡಿಸಿದ್ದು ಹಾಳಾಗುತ್ತದೆ ಅಂತ ಹೆದರಬೇಡಿ, ಬಸ್ಸಲ್ಲಿ ಹಾಕುವುದು, ಪಾರ್ಕಲ್ಲಿ ಹಾಕುವುದಿಲ್ಲ ಅನ್ನುವುದು ಅವರಿಗೆ ಬೇಗ ತಿಳಿಯುತ್ತದೆ. ಎರಡು ಜೊತೆ ಚಡ್ಡಿ, ಒಂದು ಹಳೆಯ ಟವೆಲ್, ಒಂದು ಬಾಟಲಿ ತೊಳೆಯುವ ನೀರು ಬೇರೆಯಾಗಿ ಇಟ್ಟುಕೊಳ್ಳಿ. ಕುಡಿಯುವ ನೀರಿನ ಜೊತೆ ಬೆರೆಸಬೇಡಿ. ಮೆಟ್ರೊ ಸ್ಟೇಷನ್ನಿನ ಶೌಚಾಲಯ ಪಾರ್ಕಿನದಕ್ಕಿಂತ ಎಷ್ಟೋ ವಾಸಿ, ಅಲ್ಲೇ ಮುಗಿಸಿಕೊಂಡು ಹೊರಡಿ.


ಮೈಸೂರು ಅಪ್ಪ:

ತಡವಾಗಿ ನೋಡಿದೆ. ಚನ್ನಪಟ್ಟಣದವರೆಗೆ ಹೋಗಿ ರೈಲು ರುಚಿ ಹತ್ತಿದರೆ ಮುಂದಿನ ಸಲ ಮೈಸೂರಿಗೇ ಬನ್ನಿ. ಮೃಗಾಲಯ, ಅರಮನೆ ಅಂತ ಒಂದೇ ದಿನಕ್ಕೆ ಎಲ್ಲ ತುರುಕಬೇಡಿ. ಸ್ಟೇಷನ್ ಹತ್ತಿರವೇ ರೈಲ್ವೆ ಮ್ಯೂಸಿಯಂ ಇದೆ, 1979ರಲ್ಲಿ ಆದದ್ದು, ಪ್ರವೇಶ ಕಡಿಮೆ. ಹಳೆಯ ಉಗಿಬಂಡಿಗಳ ಮೇಲೆ ಹತ್ತಿ ಡ್ರೈವರ್ ನಿಲ್ಲುವ ಜಾಗದಲ್ಲಿ ನಿಲ್ಲಬಹುದು, ಮಹಾರಾಣಿಯವರ ಬೋಗಿ ನೋಡಬಹುದು, ಪುಟ್ಟ ರೈಲಿನಲ್ಲಿ ಒಂದು ಸುತ್ತು ಹೋಗಬಹುದು. ಭಾನುವಾರ ಬಂದರೆ ಸಂಜೆ ಏಳಕ್ಕೆ ಅರಮನೆಯ ದೀಪ. ಸುಮಾರು 97 ಸಾವಿರ ಬಲ್ಬು ಒಂದೇ ಸಲ ಹೊತ್ತಿಕೊಳ್ಳುತ್ತವೆ, ದೀಪ ನೋಡಲು ದುಡ್ಡಿಲ್ಲ. ಆದರೆ ಅದನ್ನು ನೋಡಿ ಅದೇ ರಾತ್ರಿ ಚಿಕ್ಕ ಮಕ್ಕಳೊಂದಿಗೆ ಕೆಂಗೇರಿಗೆ ವಾಪಸ್ ಹೋಗುವುದು ಕಷ್ಟ. ಉಳಿಯಲು ನೆಂಟರ ಮನೆ ಇದ್ದರೆ ಮಾತ್ರ ಯೋಚಿಸಿ, ಇಲ್ಲದಿದ್ದರೆ ಮ್ಯೂಸಿಯಂ ಮುಗಿಸಿ ಮಧ್ಯಾಹ್ನದ ರೈಲು ಹಿಡಿಯಿರಿ. ಬರುವ ದಾರಿಯಲ್ಲಿ ಮದ್ದೂರು ವಡೆ ರೈಲಿಗೇ ಬರುತ್ತದೆ, ಅದಕ್ಕೆ ಸ್ವಲ್ಪ ದುಡ್ಡು ಎತ್ತಿಡಿ.


ಕಿಟಕಿ ಸೀಟು:

ಶನಿವಾರ ಹೊರಡುವುದಾದರೆ ಹಿಂದಿನ ರಾತ್ರಿಯೇ ವಾಪಸ್ ರೈಲಿನ ಹೊತ್ತೂ ನೋಡಿಟ್ಟುಕೊಳ್ಳಿ. ಮಧ್ಯಾಹ್ನ ರೈಲುಗಳ ನಡುವೆ ಅಂತರ ಜಾಸ್ತಿ. ತಪ್ಪಿಹೋದರೆ ಬಸ್ಸಿಗೆ ಬನ್ನಿ, ಕೆಂಪು ಬಸ್ಸಲ್ಲಿ ನಿಮಗಿಬ್ಬರಿಗೂ ಟಿಕೆಟ್ ಇಲ್ಲ. ಆಧಾರ್ ಕಾರ್ಡು ಚೀಲದಲ್ಲಿರಲಿ, ಅತ್ತೆಯವರದೂ.